ಹಾಕೀನೋ ಇಲ್ಲೋ

ಕೌಲ್ ಬಜಾರಿನ ರೈಲ್ವೆ ಗೇಟು ಬಿದ್ದಿತ್ತು, ಅದಿರಿನ ಗೂಡ್ಸು.
ಐವತ್ತೆಂಟು ಡಬ್ಬಿ ಎಣಿಸಿದೆ. ಐವತ್ತೆಂಟೋ, ಐವತ್ತೊಂಬತ್ತೋ.
ಆಟೋದಲ್ಲಿ ಮಾಬುನ್ನಿ ತೊಡೆಯ ಮೇಲೆ ಬುತ್ತಿ ಇಟ್ಟುಕೊಂಡು
ಏನೋ ಹೇಳಿ ನಗುತ್ತಿದ್ದಳು.
ಬೀಗದ ಕೈ ನನ್ನ ಮುಷ್ಟಿಯಲ್ಲಿ ಇನ್ನೂ ಬಿಸಿ.
ಆದರೂ ಇಳಿದೆ. ತಿರುಗಿ ನಡೆದೆ.

ಬೀಗ ಹಾಕಿತ್ತು.
ಯಾವಾಗಲೂ ಹಾಕೇ ಇರುತ್ತದೆ.

ಜೀನ್ಸ್ ಕಾರ್ಖಾನೆಯಲ್ಲಿ ನನಗೆ ಸಂಬಳ ಕೊಡುವುದೇ ಅನುಮಾನಕ್ಕೆ.
ಗುಂಡಿ ಎಳೆ, ಜಿಪ್ಪು ಮೂರು ಸಲ ಏರಿಸಿ ಇಳಿಸು,
ಒಳಮಗ್ಗುಲ ಹೊಲಿಗೆ ಬೆಳಕಿಗೆ ಹಿಡಿ,
ಸರಿ ಇದ್ದರೆ ಹಸಿರು ಚೀಟಿ. ಅಂಟಿಸಿದರೆ ಮುಗಿಯಿತು,
ಆ ಪ್ಯಾಂಟು ಇನ್ನು ಯಾರದೋ ಕಾಲಿನದು.
ಗ್ಯಾಸಿನ ತಿರುವಿಗೆ ಅಂಥ ಚೀಟಿ ಇಲ್ಲ.
ಮುಟ್ಟಿ ನೋಡಿದೆ. ಮುಟ್ಟಿದ್ದು ಇವತ್ತೋ ನಿನ್ನೆಯೋ.
ಮತ್ತೆ ಮುಟ್ಟಿದೆ. ಮುಟ್ಟಿ ಮುಟ್ಟಿ ಬೆರಳು ನುಣ್ಣಗಾಗಿ
ನೆನಪು ಜಾರತೊಡಗಿತು.

ಫೋನಿನಲ್ಲಿ ಬೀಗದ ಫೋಟೋ ನಾನೂರ ಹನ್ನೊಂದು.
ಮಗಳು ಒಂದು ದಿನ ಸರಿಸಿ ಸರಿಸಿ ನೋಡಿ
"ಇದ್ರಾಗೆ ನಾನೆಲ್ಲಿದೀನಮ್ಮಾ?" ಅಂದಳು.

ಗಾದಿಲಿಂಗ ಒಳ್ಳೆಯವನು. ರಾತ್ರಿ ಎರಡಕ್ಕೆ ಎಬ್ಬಿಸಿದರೂ
"ಹಾಕೀಯ ಮಾರಾಯ್ತಿ, ನಾನೇ ನೋಡೀನಿ" ಅನ್ನುತ್ತಾನೆ.
ಆ ಮಾತು ಬರ್ಫದ ಹಾಗೆ, ನಾಲಿಗೆಯ ಮೇಲೆ ಇದ್ದಷ್ಟು ಹೊತ್ತು.
ಆಮೇಲೆ: ನಿಜವಾಗಿ ನೋಡಿದ್ದನೋ,
ನಿದ್ದೆ ಕೆಡುತ್ತದೆ ಅಂತ ಅಂದನೋ.

ವಿಚಿತ್ರ ಅಂದರೆ ಇದು.
ನಮ್ಮ ಓಣಿಗೆ ನೀರು ಎಂಟು ದಿನಕ್ಕೋ ಹದಿನೈದಕ್ಕೋ,
ನಡುರಾತ್ರಿಯೋ ಬೆಳಗೋ, ಬಂದಾಗ ಬಂತು.
ಕೊಡ ಸಾಲಿಟ್ಟು ಎಲ್ಲರ ಹಾಗೆ ನಾನೂ ಕಟ್ಟೆಯ ಮೇಲೆ
ಶೇಂಗಾ ಸುಲಿಯುತ್ತ ಹರಟೆ ಹೊಡೆಯುತ್ತೇನೆ.
"ಬರ್ತೈತೋ ಇಲ್ಲೋ" ಅಂದು ನಗುವ ಬಾಯಿ
"ಹಾಕೀನೋ ಇಲ್ಲೋ" ಅನ್ನುವಾಗ ಯಾಕೆ ಒಣಗುತ್ತದೆ?
ಎರಡೂ ಅದೇ ಓಕಾರ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮನಿಗೆ ಕೇಳಿದೆ.
ಯಾರಾದರೂ ನೋಡಿಯಾರೆಂದು ತಲೆಗೆ ಸೆರಗು ಹೊದ್ದು ಹೋಗಿದ್ದೆ.
ಗುಳಿಗೆ ಬರೆದರು. ಪೆನ್ನು ಮುಚ್ಚಿ ಕೇಳಿದರು,
"ನೀರು ಬರದಿದ್ದರೆ ಯಾರ ತಪ್ಪು?"
ಮುನ್ಸಿಪಾಲ್ಟಿದು.
"ಗ್ಯಾಸು ಉಳಿದಿದ್ದರೆ?"
ಸುಮ್ಮನಾದೆ. ಹೊರಗೆ ಯಾರದೋ ನಂಬರು ಕೂಗುತ್ತಿದ್ದರು.
"ಒಂದೇ ಸಲ ಹಾಕಿ, ತಿರುಗಬೇಡಿ.
ಹಾಕಿರಲಿಕ್ಕಿಲ್ಲ ಅಂತ ಅಂದುಕೊಂಡೇ ನಡೀರಿ."
ಹಾಕೀನಿ ಅಂತ ಅಲ್ಲವಾ ಮೇಡಂ?
"ಅಲ್ಲ."

ಇವತ್ತು ಹಾಗೇ ನಡೆದೆ.
ಹಾಕಿರಲಿಕ್ಕಿಲ್ಲ.
ಎದೆಯಲ್ಲಿ ಮಷೀನು, ಬಟ್ಟೆ ಇಲ್ಲದೆ ಓಡುವ ಸೂಜಿ.
ಆಟೋ ಗೇಟು ದಾಟಿತು. ಕೋಟೆಗುಡ್ಡದ ಬಂಡೆಗಳಿಗೆ ಬಿಸಿಲು ಹತ್ತಿತ್ತು.
ಮಾಬುನ್ನಿ ಮಗನ ಪರೀಕ್ಷೆಯ ಸುದ್ದಿ ಹೇಳುತ್ತಿದ್ದಳು,
ಪಾಸಾಗ್ತಾನೋ ಇಲ್ಲೋ.
ಅರ್ಧ ಕೇಳಿಸಿಕೊಂಡೆ.

ಹತ್ತೂವರೆಗೆ ಪಕ್ಕದ ಮನೆಗೆ ಫೋನು ಮಾಡಿದೆ, ಸುಳ್ಳು ಯಾಕೆ.
ಯಾರೂ ಎತ್ತಲಿಲ್ಲ. ಮತ್ತೆ ಮಾಡಲಿಲ್ಲ.
ಮೇಜಿನ ಮೇಲೆ ಇನ್ನೂ ನಲವತ್ತು ಪ್ಯಾಂಟು.
ಒಂದು ಹಸಿರು ಚೀಟಿ ಕಿತ್ತು
ಮುಂಗೈಗೆ ಅಂಟಿಸಿಕೊಂಡೆ.
ಬೆವರಿಗೆ ನಿಲ್ಲಲಿಲ್ಲ.