ಖಾಲಿ ಚೌಕ

ಐರ್ಲೆಂಡಿನ ಗಾರ್ಟ್ ಊರಿನ ಮಾಂಸದ ಕಾರ್ಖಾನೆಯಲ್ಲಿ
ಬೆಳಗಿನ ಆರರಿಂದ ಕುರಿಯ ಮೂಳೆ ಬಿಡಿಸಿ ಬಂದ ಜೋಸಿಲೇನಿ
ಕೈಗೆ ನಿಂಬೆ ತಿಕ್ಕುತ್ತಾಳೆ. ವಾಸನೆ ಹೋಗುವುದಿಲ್ಲ.
ಅದೇ ಕೈಯಲ್ಲಿ ಫೋನು ಹಿಡಿದು
ಬಾಡಿಗೆಯವರ ತೆರಿಗೆ ರಿಯಾಯಿತಿಯ ಅರ್ಜಿ ತೆರೆಯುತ್ತಾಳೆ.

ಹೆಸರು. ಬ್ರೆಜಿಲಿನಲ್ಲಿ ಅವಳಿಗಿದ್ದದ್ದು ಐದು,
ಚೌಕದೊಳಗೆ ಮೂರಕ್ಕೇ ಜಾಗ.
ವಿಳಾಸ. ಬೀಗ ಹಾಕಿದ ಚಪ್ಪಲಿ ಅಂಗಡಿಯ ಮೇಲಿನ ಕೋಣೆ.
ವರ್ಷಕ್ಕೆ ಕೊಟ್ಟ ಬಾಡಿಗೆ. ಇಲ್ಲಿ ಕೊಂಚ ನಿಂತಳು.
ಸಂಬಳದ ಅರ್ಧಕ್ಕಿಂತ ಹೆಚ್ಚೆಂದು ಮೈಗೆ ಗೊತ್ತಿತ್ತು,
ಅಂಕಿಯಾಗಿ ನೋಡಿರಲಿಲ್ಲ.
ಐವತ್ತೆರಡರಿಂದ ಗುಣಿಸಿದಾಗ
ಪರಿಚಯದವರನ್ನು ಪೊಲೀಸು ಠಾಣೆಯಲ್ಲಿ ಕಂಡ ಹಾಗಾಯಿತು.

ಆಮೇಲಿನ ಚೌಕ: ಮನೆ ಮಾಲೀಕರ ನೋಂದಣಿ ಸಂಖ್ಯೆ.

ಫಿಂಟನ್ ಕ್ಲೂನನ್, ವಯಸ್ಸು ಎಪ್ಪತ್ತೊಂದು.
ಶುಕ್ರವಾರ ಸಂಜೆ ಹೊಸ್ತಿಲಾಚೆಯೇ ನಿಂತು ನಗದು ಪಡೆಯುತ್ತಾನೆ,
ಎಣಿಸುವುದಿಲ್ಲ. ಎಣಿಸಿದರೆ ಅವಮಾನವಂತೆ,
ಯಾರಿಗೆ ಎಂದು ಹೇಳಿಲ್ಲ.
ಬಾಯ್ಲರು ಕೆಟ್ಟ ಜನವರಿಯಲ್ಲಿ
ತೀರಿಹೋದ ಅಕ್ಕನ ಕಂಬಳಿ ತಂದುಕೊಟ್ಟ.
ಬಾಯ್ಲರು ರಿಪೇರಿಯಾದದ್ದು ಮಾರ್ಚಿನಲ್ಲಿ.
ಸಂಖ್ಯೆ ಕೇಳಿದ್ದಕ್ಕೆ ಟೋಪಿ ತೆಗೆದು, ಮತ್ತೆ ಇಟ್ಟುಕೊಂಡ:
"ರಿಯಾಯಿತಿ ಗಿಯಾಯಿತಿ ಯಾಕೆ ಮಗಳೇ,
ನೀನು ಅಲ್ಲಿ ಬರೆದರೆ ಅವರು ನನ್ನ ಬಾಗಿಲು ತಟ್ಟುತ್ತಾರೆ.
ವಾರಕ್ಕೆ ಐದು ಯೂರೋ ಇಳಿಸೋಣ, ಆಯಿತಾ."

ಸರ್ಕಾರ ಕೊಡುವುದು ಅದಕ್ಕಿಂತ ಹೆಚ್ಚು.
ಕ್ಲೂನನ್ ಕಳೆದುಕೊಳ್ಳುವುದು ಇನ್ನೂ ಹೆಚ್ಚು.
ಕೋಣೆ ಹೋದರೆ ಊರಲ್ಲಿ ಇನ್ನೊಂದು ಕೋಣೆಯಿಲ್ಲ.
ಇದನ್ನೆಲ್ಲ ಕೂಡಿ ಕಳೆಯಲು ಅರ್ಜಿಯಲ್ಲಿ ಸಾಲು ಬಿಟ್ಟಿಲ್ಲ.

"ಕಳಿಸು," ಎಂದಳು ಪಕ್ಕದ ಹಾಸಿಗೆಯ ದಾಲ್ವಾ,
"ನಿನ್ನ ದುಡ್ಡು ನಿನಗೆ ಬರೋಕೆ ಅವನ ಅಪ್ಪಣೆ ಯಾಕೆ?"
ಹೇಳಬಹುದು ದಾಲ್ವಾ.
ಬಾಡಿಗೆಗೆ ಇರುವವರ ಲೆಕ್ಕದಲ್ಲಿ ಅವಳು ಇಲ್ಲವೇ ಇಲ್ಲ.
ಮಾಲೀಕ ಬಂದಾಗ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾಳೆ.

ಕೆಳಗೆ, ತೀರ ಕೆಳಗೆ, ಇರುವೆಯಂಥ ಅಕ್ಷರ:
ನಾಲ್ಕು ವರ್ಷದೊಳಗೆ ಯಾವಾಗಲಾದರೂ ಕೇಳಬಹುದು.
ಅದನ್ನು ಎರಡು ಸಲ ಓದಿದಳು,
ಮೂರನೆಯ ಸಲ ಪೋರ್ಚುಗೀಸಿಗೆ ತಿರುಗಿಸಿಕೊಂಡು.
ಅರ್ಜಿಯನ್ನು ಅರ್ಧಕ್ಕೇ ಉಳಿಸಿಟ್ಟು
ಕಂಬಳಿ ಎಳೆದುಕೊಂಡು ಮಲಗಿದಳು.

ಶುಕ್ರವಾರ, ಮೆಟ್ಟಿಲ ಮೇಲೆ ಅವನ ಕೆಮ್ಮು ಕೇಳುವ ಮುಂಚೆ
ನೋಟುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿ,
ಪಕ್ಕದಲ್ಲಿ ಆ ದಿನದ ಪತ್ರಿಕೆಯಿಟ್ಟು, ಫೋಟೋ ತೆಗೆದಳು.
ಆಮೇಲೆ ಜೋಡಿಸಿ ಕೊಟ್ಟಳು.

ಎಂದಿನಂತೆ ಅವನು ಎಣಿಸಲಿಲ್ಲ.
ಅವಳು ಎಣಿಸಿದ್ದಳು.