ಕರ್ಪೂರ ಸೋಕಬಾರದು

ಕಾಟನ್‌ಪೇಟೆಯ ಆ ಒಂದೇ ಕೋಣೆಯ ದವಾಖಾನೆಯಲ್ಲಿ
ಗುಳಿಗೆಗೆ ಹನಿ ಬಿಡುವ ಕೆಲಸ ನನ್ನದು.
ಸಾಬೂದಾನಿಯಂಥ ಬಿಳಿ ಕಾಳಿಗೆ ಐದು ಹನಿ,
ಆರಾದರೆ ಬೈಗುಳ.
ಜರ್ಮನಿಯ ಹೆಸರುಗಳು ನನ್ನ ನಾಲಿಗೆಗೆ ಬರುತ್ತಿರಲಿಲ್ಲ,
ಚೀಟಿಯ ಬಣ್ಣ ಬರುತ್ತಿತ್ತು.

ಅಣ್ಣಮ್ಮನ ಗುಡಿಯೆದುರು ಕರ್ಪೂರ ಮಾರುವ ಮುನಿತಾಯಮ್ಮ
ಹೊಟ್ಟೆ ಹಿಡಿದುಕೊಂಡು ಬಂದಳು ಒಂದು ಸೋಮವಾರ.
ಸೂಜಿಗೆ ಹೆದರಿ ಅಲ್ಲ:
"ದೊಡ್ಡಾಸ್ಪತ್ರೇಲಿ ಪಥ್ಯಾನೇ ಹೇಳಲ್ಲ ಸಾಮಿ,
ಪಥ್ಯ ಇಲ್ದಿದ್ದು ಮದ್ದೆಂಗಾಯ್ತದೆ?"

ಸಂಪಂಗಯ್ಯ ಡಾಕ್ಟರ ಮುಖ ಅರಳಿತು.
ಪಥ್ಯ ಅವರ ದಪ್ಪ ಪುಸ್ತಕದಲ್ಲೂ ಇತ್ತು.
ಕಾಫಿ ಬೇಡ. ಹಸಿ ಈರುಳ್ಳಿ ಬೇಡ.
ಕರ್ಪೂರದ ಗಾಳಿಯೂ ಸೋಕಬಾರದು.

ಬೆಂಚಿನ ಮೇಲಿದ್ದವರೆಲ್ಲ ಸುಮ್ಮನಾದರು.
"ಕಾಫಿ ಬಿಟ್ಟೆ. ಈರುಳ್ಳಿ ಬಿಟ್ಟೆ.
ಕರ್ಪೂರ ಬಿಟ್ರೆ ಉಣ್ಣೋದೇನ?
ನಿಮ್ಮ ಆ ದೊರೆಗೆ ಮಂಗಳಾರತಿ ಗೊತ್ತಿಲ್ವಾ?"
ಡಾಕ್ಟರು ಹಾಳೆ ಮಗುಚಿದರು, ಮತ್ತೆ ಮಗುಚಿದರು.

"ಅದಿರ್ಲಿ, ಇದರಾಗೆ ಏನೈತೆ?"
"ಕಾಸರಕದ ಬೀಜ."
"ಅಯ್ಯೋ, ನಮ್ಮ ಆನೇಕಲ್ ಬದುವಿನಾಗೆ
ದನಾನೂ ಮೂಸಲ್ಲ ಅದನ್ನ!
ಹಡಗು ಹತ್ತಿ ಹೋಗಿ ಸಿಹಿಯಾಗಿ ಬಂತಾ?"

ಕೊನೆಗೆ ಸೀಸೆ ಉಳಿದದ್ದು
ಹಿಂದಿನ ಗಲ್ಲಿಯ ಜೈಬುನ್ನಿಸಾಳ ಕಪಾಟಿನಲ್ಲಿ,
ಅವಳ ಗಂಡನ ಮಂಡಿನೋವಿಗೆ ಹಕೀಮರು ಕೊಟ್ಟ
ಮಾಜೂನಿನ ಡಬ್ಬಿಯ ಪಕ್ಕ.
ಅದೂ ಯವನರ ನಾಡಿನದಂತೆ, ಯಾವ ಕಾಲದ್ದೋ.
ಈಗ ಯಾರೂ ಅದರ ಊರು ಕೇಳುವುದಿಲ್ಲ.
ದಿನಕ್ಕೆ ಮೂರು ಸಲ ಮುನಿತಾಯಮ್ಮ ಹೊಸಿಲ ಹೊರಗೆ ನಿಂತು
ಸೀಗೆಪುಡಿ ಹಚ್ಚಿ ಕೈ ತೊಳೆಯುವಳು.
ಜೈಬುನ್ನಿಸಾ ಮೂಸಿ ನೋಡಿ "ಇನ್ನೂ ಐತೆ" ಅನ್ನುವಳು.
ಮತ್ತೆ ತೊಳೆ.
ಆಮೇಲೆ ಮುಚ್ಚಳದಿಂದ ನಾಲ್ಕು ಕಾಳು
ನೇರ ನಾಲಿಗೆಗೆ, ಕೂಸಿಗೆ ಹಾಕಿದ ಹಾಗೆ.

ನೋವು ನಿಂತಿತು.
ಕಾಸರಕವೋ, ಬಿಟ್ಟ ಕಾಫಿಯೋ,
ಅಣ್ಣಮ್ಮನಿಗೆ ಕಟ್ಟಿದ ನಿಂಬೆಹಣ್ಣೋ,
ದಿನಾ ಮೂರು ಹೊತ್ತು ಯಾರೋ ಕೈ ಮೂಸಿ ನೋಡಿದ್ದೋ.
ನಾನು ಹನಿ ಎಣಿಸುವವನು, ನನಗೇನು ಗೊತ್ತು.

ಶುಕ್ರವಾರ ಬಂದಳು, ಹಿತ್ತಾಳೆ ತಟ್ಟೆ ಹಿಡಿದು.
ಗೋಡೆಯ ಮೇಲಿನ ಬೋಳುತಲೆಯ ದೊರೆಗೆ
ಮಲ್ಲಿಗೆ ಸಿಕ್ಕಿಸಿ ಬೆಂಕಿಕಡ್ಡಿ ಗೀರುವಷ್ಟರಲ್ಲಿ
"ಬೇಡಾ! ಸೀಸೆಗಳು!" ಎಂದು ಕೂಗಿದರು ಡಾಕ್ಟರು.
ನಾನು ಬೀರುವಿಗೆ ಅಡ್ಡಲಾಗಿ ನಿಂತೆ, ಕೈ ಚಾಚಿ,
ಕಳ್ಳರು ಬಂದ ಹಾಗೆ.

ಡಾಕ್ಟರೇ ಪಟ ಇಳಿಸಿದರು.
ಬೀದಿಗೆ ಹೊತ್ತುಕೊಂಡು ಹೋಗಿ, ದೀಪದ ಕಂಬಕ್ಕೆ ಆನಿಸಿ
ಎರಡೂ ಕೈಲಿ ಹಿಡಿದು ನಿಂತರು.
ಮೂಟೆ ಹೊತ್ತ ಹಮಾಲಿಯೊಬ್ಬ
ಯಾವ ದೇವರೆಂದು ಕೇಳದೆ
ನಿಂತು, ಆರತಿ ತಗೊಂಡು,
ಕಣ್ಣಿಗೊತ್ತಿಕೊಂಡು ಹೋದ.