ಒಂದು ಬೆರಳಷ್ಟು ಎಡಕ್ಕೆ

ಮೂವತ್ತೆಂಟರವರೆಗೆ ಸಾಧು.
ಮೂವತ್ತೊಂಬತ್ತಕ್ಕೆ ಎಡಗಾಲಿ ಒಮ್ಮೆ ಗೊಣಗುತ್ತದೆ,
ನಲವತ್ತಕ್ಕೆ ಸ್ಟೇರಿಂಗು ಕೈಯೊಳಗೇ
ಆಗಷ್ಟೇ ಬಲೆಯಿಂದ ಬಿಡಿಸಿದ ಬಂಗಡೆ.
ಬಿಣಗಾ ಇಳಿಜಾರಿನಲ್ಲಿ ಹಿಂದಿನ ಐಸುಗಡ್ಡೆಗಳು
ಹಲ್ಲು ಕಡಿಯುವುದು ಕೇಳುತ್ತದೆ.

ಇಷ್ಟನ್ನೂ ಶೇವಂತಿ ಹರಿಕಂತ್ರ
ನಿಂತೇ ಹೇಳಿದಳು, ಚಾವಿ ಕೈಬಿಡದೆ.
ಅಂಕೋಲೆಯವ ಟಾಯರು ಅಂದ, ಎರಡು ಹೊಸತು ಹಾಕಿಸಿದಳು.
ಕುಮಟೆಯವ ಟೈ-ರಾಡಿನ ತುದಿ ಅಂದ, ನಾಲ್ಕೂ ಬದಲಾದವು.
ಮತ್ತೊಬ್ಬ ದೇವರು ಅಂದ.
ತೆಂಗಿನಕಾಯಿಗೇ ಕಡಿಮೆ ಖರ್ಚಾಯಿತಂತೆ.

ಇನಾಸ ಮೇಸ್ತ್ರಿ ಏನೂ ಅನ್ನಲಿಲ್ಲ.
ಟಾಯರಿನ ಮೈಮೇಲೆ ಹಸ್ತ ಎಳೆದ:
ಹೋಗುವಾಗ ನುಣುಪು, ಬರುವಾಗ ಗರಗಸ.
ಜಾಕು ಕೊಟ್ಟು ಗಾಲಿಯ ನೆತ್ತಿ, ಪಾದ ಹಿಡಿದು ಅಲುಗಿಸಿದ:
ಕಿಂಗ್‌ಪಿನ್ನು ಬಿಗಿ.
ಪಾಟಾದ ತುದಿಗೆ ಹಾರೆ ಕೊಟ್ಟು ಮೀಟಿದ.
ಬುಶ್ಶಿಗೆ ವಯಸ್ಸಾಗಿದೆ, ಆದರೆ
ಈ ಸಿಟ್ಟು ಅದರದಲ್ಲ.

‘ಹತ್ತು,’ ಎಂದ ನನಗೆ. ‘ಇಂಜಿನ್ ಬೇಡ.
ಒಂದು ಬೆರಳಷ್ಟು ಎಡಕ್ಕೆ, ಒಂದು ಬೆರಳಷ್ಟು ಬಲಕ್ಕೆ,
ನಾನು ಸಾಕು ಅನ್ನುವವರೆಗೆ.’

ಬಾಗಿಲಿಲ್ಲದ ಬದಿಯಿಂದ ನನಗೆ ಕಂಡದ್ದು
ಅವನ ಎರಡು ಪಾದ ಮಾತ್ರ.
ಬಲಗಾಲಿನ ಹೆಬ್ಬೆರಳಿಗೆ ಉಗುರಿಲ್ಲ,
ಎಂದೋ ಬ್ರೇಕ್ ಡ್ರಮ್ಮು ಬಿದ್ದದ್ದು.
ಎಡ. ಬಲ.
ಕೆಳಗೆ ಕೀಲುಕೀಲಿನ ಮೇಲೂ ಕೈಯಿಟ್ಟು
ಕಣ್ಣುಮುಚ್ಚಿ ಕಾಯುತ್ತಾನೆ, ನನಗೆ ಗೊತ್ತು.
ಕಣ್ಣಿಗೆ ತುಕ್ಕು ಮಾತ್ರ ಕಾಣುತ್ತದೆ ಮಾರಾಯ, ಅನ್ನುತ್ತಿದ್ದ,
ಈ ಕಡಲಗಾಳಿಯಲ್ಲಿ ತುಕ್ಕಿಲ್ಲದ್ದು ಯಾವುದು?
ಸಡಿಲು ತಿಳಿಯುವುದು ಕೈಗೆ:
ಒಂದು ತುದಿ ಹೊರಟ ಮೇಲೆ
ಇನ್ನೊಂದು ತುದಿ ಹೊರಡಲು ಯೋಚಿಸುವ
ಆ ಚೂರು ಹೊತ್ತು.

ಎಡ. ಬಲ. ಹೆಬ್ಬೆರಳು ತಾಳ ಹಾಕುತ್ತಿತ್ತು.
ಡ್ರ್ಯಾಗ್ ಲಿಂಕು ದಾಟಿತು, ಪಿಟ್‌ಮನ್ ಆರ್ಮು ದಾಟಿತು,
ಸ್ಟೇರಿಂಗ್ ಬಾಕ್ಸಿನ ಹತ್ತಿರ
ತಾಳ ನಿಂತಿತು.

‘ಬೋಲ್ಟು ಬಿಗಿಯೇ ಇದೆ. ಬಾಕ್ಸೇ ನಡೆಯುತ್ತಿದೆ.
ಉಳಿ ತಾ. ಟಾರ್ಚೂ.’
ನಾನೂ ಅಡಿಗೆ ಹೊಕ್ಕೆ.
ಕೆರೆದ ಹಾಗೆ ಕರಿಬಣ್ಣ, ಅದರಡಿ ಕೆಂಪು ಪ್ರೈಮರು,
ಅದರಡಿ ಚಾಸಿಯಲ್ಲಿ ಬಿರುಕು,
ಬಿರುಕಿನ ಮೇಲೆ ಒಡೆದುಹೋದ ಹಳೆಯ ವೆಲ್ಡಿಂಗು,
ಕೊನೆಯಲ್ಲಿ ಎಡಕ್ಕೆ ಕೊಕ್ಕೆಯಾಗಿ ಬಾಗುವ ಹೊಲಿಗೆ.

ಆ ಕೊಕ್ಕೆ ನನಗೆ ಗೊತ್ತು.
ನಮ್ಮ ಗ್ಯಾರೇಜಿನ ಬೆಂಚಿಗಿದೆ, ಗೇಟಿಗಿದೆ,
ಅವನ ಹೆಂಡತಿ ಮೀನು ಹುರಿಯುವ ಕಾವಲಿಯ ಹಿಡಿಗೂ ಇದೆ.

‘ಮೊದಲು ಯಾರ ಹತ್ತಿರ ಇತ್ತು ಈ ಗಾಡಿ?’ ಕೆಳಗಿನಿಂದಲೇ ಕೇಳಿದ.
‘ಸದಾಶಿವಗಡದ ಒಬ್ಬ ಕಂಟ್ರಾಕ್ಟರ್. ನಾಲ್ಕು ವರ್ಷವಾಯಿತು ನಾವು ತಗೊಂಡು.’
ಎಣ್ಣೆಯ ಹನಿಯೊಂದು ಅವನ ಹಣೆಗೆ ಬಿತ್ತು.
ಒರೆಸಿಕೊಳ್ಳಲಿಲ್ಲ.

ಹೊರಬಂದು ಹೇಳಿದ: ‘ಬಾಯೆ, ಇದು ನನ್ನದೇ ಕೆಲಸ.
ನಾಳೆ ಎಫ್‌ಸಿ, ಇವತ್ತೇ ಬೇಕು ಅಂದಿದ್ದ ಅವ.
ಮೇಲಿಂದಮೇಲೆ ಹೊಲಿದೆ. ಬಣ್ಣ ಬಳಿದೆ.’

ಬೈಯುತ್ತಾಳೆಂದು ಕಾದೆ.
ಅವಳು ಬಿಣಗಾ ಕಡೆಗೊಮ್ಮೆ ನೋಡಿದಳು,
ದಿನಕ್ಕೆ ಎರಡು ಸಲ, ನಾಲ್ಕು ವರ್ಷ,
ಲೆಕ್ಕ ಹಾಕಿರಬೇಕು.
ಆಮೇಲೆ ಚಾವಿಯನ್ನು ಅವನ ಅಂಗೈಗೆ ಹಾಕಿ,
‘ನಾಳೆಗೆ ಬೇಡ,’ ಎಂದಳು. ‘ಆಗುವಾಗ ಕೊಡು.
ಅಲ್ಲಿವರೆಗೆ ಐಸಿಗೆ ಟೆಂಪೋ ಹಿಡಿಯುತ್ತೇನೆ.
ಬಾಡಿಗೆ ನಿನ್ನದು.’

ಮೂರನೆಯ ದಿನ ಸಂಜೆ.
ಹಳೆಯ ಹೊಲಿಗೆ ಪೂರ್ತಿ ಅರೆದು,
ಬಿರುಕಿನ ಎರಡೂ ಕೊನೆಗೆ ತೂತು ಕೊರೆದು,
ಒಳಗೆ ಹೊರಗೆ ತಗಡು ಕೊಟ್ಟು ಮುಗಿದಿತ್ತು.
ಬಣ್ಣದ ಡಬ್ಬಿ ತೆರೆಯಲಿಲ್ಲ.
ನಾನು ಸೀಟಿನಲ್ಲಿ, ಉಗುರಿಲ್ಲದ ಹೆಬ್ಬೆರಳು ಅಲ್ಲಿ ಕೆಳಗೆ.
ಎಡ. ಬಲ. ಈಗ ಚೂರೂ ತಡವಿಲ್ಲ,
ನನ್ನ ಕೈಗೇ ಗೊತ್ತಾಗುತ್ತಿತ್ತು.

ಕತ್ತಲಾಯಿತು. ಬೈತಖೋಲದಲ್ಲಿ ದೋಣಿಗಳ ದೀಪ ಹತ್ತಿದವು.
ಅವನಿನ್ನೂ ಸಾಕು ಅನ್ನಲಿಲ್ಲ.